ಬಾಗಿಲು ತೆರೆಯುವ ಮುನ್ನ ಒಮ್ಮೆ ಹಿಂದೆ ನೋಡೋಣ

2024ರ ಏಪ್ರಿಲ್ 8ರಂದು ಬೆಂಗಳೂರಿನ ಕೆ.ಆರ್.ಪುರಂನಲ್ಲಿ ಲೋಕಸಭಾ ಚುನಾವಣೆಯ ಪ್ರಚಾರ ಮೆರವಣಿಗೆ ನಡೆದಿತ್ತು. ರಸ್ತೆಯಲ್ಲಿ ನಿಂತಿದ್ದ ಕಾರೊಂದರ ಬಾಗಿಲು ಇದ್ದಕ್ಕಿದ್ದಂತೆ ತೆರೆದುಕೊಂಡಿತು. ಹಿಂದಿನಿಂದ ದ್ವಿಚಕ್ರ ವಾಹನದಲ್ಲಿ ಬರುತ್ತಿದ್ದ ಕಾರ್ಯಕರ್ತರೊಬ್ಬರು ಆ ಬಾಗಿಲಿಗೆ ಬಡಿದು ನೆಲಕ್ಕೆ ಬಿದ್ದರು. ಅವರ ಬೆನ್ನಿಗೇ ಬರುತ್ತಿದ್ದ ಬಸ್ಸು ಅವರ ಮೇಲೆ ಹರಿಯಿತು. ಅವರು ಬದುಕಿ ಉಳಿಯಲಿಲ್ಲ.

ಎರಡು ಮೂರು ದಿನ ಈ ಸುದ್ದಿ ಪತ್ರಿಕೆಗಳಲ್ಲಿಯೂ ದೂರದರ್ಶನದಲ್ಲಿಯೂ ದೊಡ್ಡದಾಗಿ ಬಂತು. ಕಾರು ಯಾರದು, ಒಳಗೆ ಯಾರಿದ್ದರು, ಯಾವ ಪಕ್ಷದವರು ಏನು ಹೇಳಿದರು ಎಂಬ ಚರ್ಚೆ ನಡೆಯಿತು. ಚುನಾವಣೆ ಮುಗಿಯಿತು, ಚರ್ಚೆಯೂ ಮುಗಿಯಿತು. ಆದರೆ ಒಂದು ಪ್ರಶ್ನೆಯನ್ನು ಯಾರೂ ಕೈಗೆತ್ತಿಕೊಳ್ಳಲಿಲ್ಲ. ನಿಂತ ಕಾರಿನ ಬಾಗಿಲು ತೆರೆಯುವಾಗ ಹಿಂದೆ ನೋಡಬೇಕೆಂಬ ಪಾಠವನ್ನು ನಮಗೆ ಯಾರಾದರೂ, ಎಂದಾದರೂ ಕಲಿಸಿದ್ದಾರೆಯೇ?

ಇಂಗ್ಲಿಷಿನಲ್ಲಿ ಈ ಬಗೆಯ ಅಪಘಾತಕ್ಕೆ 'ಡೋರಿಂಗ್' ಎಂಬ ಹೆಸರಿದೆ. ಕನ್ನಡದಲ್ಲಿ ಇದಕ್ಕೆ ಹೆಸರು ಬಂದಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವಾರ್ಷಿಕ ವರದಿಯನ್ನೇ ನೋಡಿ. 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ 74,897 ಮಂದಿ ದ್ವಿಚಕ್ರ ವಾಹನದವರು. ಸೈಕಲ್ ಸವಾರರು ನಾಲ್ಕೂವರೆ ಸಾವಿರಕ್ಕಿಂತ ಹೆಚ್ಚು. ಕಾರಣಗಳ ಪಟ್ಟಿಯಲ್ಲಿ ಅತಿವೇಗ, ಮದ್ಯಪಾನ, ತಪ್ಪು ದಿಕ್ಕಿನ ಚಾಲನೆ, ಮೊಬೈಲ್ ಬಳಕೆ, ಸಿಗ್ನಲ್ ಉಲ್ಲಂಘನೆ ಎಂಬ ಸಾಲುಗಳಿವೆ. ಬಾಗಿಲು ತೆರೆದದ್ದರಿಂದ ಆದ ಸಾವಿಗೆ ಬೇರೆ ಸಾಲಿಲ್ಲ. ಅಂಥವು 'ಇತರೆ' ಎಂಬ ಸಾಲಿಗೆ ಸೇರಿಹೋಗುತ್ತವೆ. ಲೆಕ್ಕಕ್ಕೆ ಬಾರದ ತಪ್ಪನ್ನು ತಿದ್ದುವ ಕೆಲಸಕ್ಕೂ ಯಾರೂ ಮುಂದಾಗುವುದಿಲ್ಲ.

ಸುರಪುರದ ರಸ್ತೆಯಲ್ಲಿ

ಬೆಂಗಳೂರಿನ ಸುದ್ದಿ ನಮ್ಮ ಕಿವಿಗೆ ಬೇಗ ಬೀಳುತ್ತದೆ. ಆದರೆ ಈ ಅಪಾಯವನ್ನು ಸರಿಯಾಗಿ ಅರಿಯಬೇಕಾದರೆ ಸಣ್ಣ ಊರೊಂದನ್ನು ಕಣ್ಣಮುಂದೆ ಇಟ್ಟುಕೊಳ್ಳುವುದು ಒಳ್ಳೆಯದು. ಯಾದಗಿರಿ ಜಿಲ್ಲೆಯ ಸುರಪುರವನ್ನು ತೆಗೆದುಕೊಳ್ಳೋಣ. ಕರಾವಳಿಯವರಾದ ನಮಗೆ ಅದು ದೂರದ ಊರು. ಆದರೂ ಪರಕೀಯವಲ್ಲ. ಕಲಬುರಗಿ ಸೀಮೆಯಲ್ಲಿ ಸೇವೆ ಮಾಡುತ್ತಿರುವ ಧರ್ಮಗುರುಗಳಲ್ಲಿ, ಧರ್ಮಭಗಿನಿಯರಲ್ಲಿ ನಮ್ಮ ಕಡೆಯವರು ಅನೇಕರಿದ್ದಾರೆ. ಆ ಕಡೆಯಿಂದ ಕೂಲಿ ಅರಸಿ ಘಟ್ಟ ಇಳಿದು ಬಂದವರು ನಮ್ಮ ಮಂಗಳೂರು, ಉಡುಪಿಯ ಕಟ್ಟಡ ಕೆಲಸಗಳಲ್ಲಿ ದುಡಿಯುತ್ತಿದ್ದಾರೆ.

ಸುರಪುರ ಗುಡ್ಡಗಳ ನಡುವಿನ ಊರು. ಹಿಂದೆ ನಾಯಕ ಅರಸರ ಸಂಸ್ಥಾನವಾಗಿತ್ತು. 1858ರಲ್ಲಿ ಬ್ರಿಟಿಷರ ವಿರುದ್ಧ ನಿಂತ ರಾಜಾ ವೆಂಕಟಪ್ಪ ನಾಯಕರ ಊರೆಂದು ಹೆಸರು. ಅರಸರ ಕಾಲದಲ್ಲಿ ಬೆಳೆದ ಪೇಟೆಯ ಬೀದಿಗಳು ಅಗಲವಾಗಿಲ್ಲ, ಏರಿಳಿತವೂ ಹೆಚ್ಚು. ಜೇವರ್ಗಿಯಿಂದ ಚಾಮರಾಜನಗರದ ಕಡೆಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಶಹಾಪುರ, ಸುರಪುರ ತಾಲ್ಲೂಕುಗಳನ್ನು ಹಾದುಹೋಗುತ್ತದೆ. ನಾರಾಯಣಪುರದ ಬಸವಸಾಗರ ಅಣೆಕಟ್ಟಿನ ಎಡದಂಡೆ ಕಾಲುವೆಯಿಂದ ಕೃಷ್ಣೆಯ ನೀರು ಬಂದಮೇಲೆ ಸುತ್ತಲಿನ ಹೊಲಗಳಲ್ಲಿ ಭತ್ತ ಬಂತು. ಹತ್ತಿ, ಮೆಣಸಿನಕಾಯಿ ಬೆಳೆಯುವವರೂ ಇದ್ದಾರೆ. ಬೆಳೆಯೊಂದಿಗೆ ವ್ಯಾಪಾರ ಬಂತು, ವ್ಯಾಪಾರದೊಂದಿಗೆ ವಾಹನಗಳು ಬಂದವು. ಆದರೆ ಬೀದಿ ಅಷ್ಟೇ ಅಗಲ ಉಳಿಯಿತು.

ಇಂಥ ಊರಿನಲ್ಲಿ ಸೈಕಲ್ ತುಳಿಯುವವರು ಯಾರು? ದೊಡ್ಡ ನಗರದಲ್ಲಿ ಬೆಳಗಿನ ಹೊತ್ತು ಹೆಲ್ಮೆಟ್ ಧರಿಸಿ ವ್ಯಾಯಾಮಕ್ಕಾಗಿ ಸೈಕಲ್ ತುಳಿಯುವವರನ್ನು ಕಾಣುತ್ತೇವೆ. ಸಣ್ಣ ಊರಿನ ಚಿತ್ರ ಬೇರೆ. ಹಾಲಿನ ಕ್ಯಾನು ಕಟ್ಟಿಕೊಂಡವನು, ಪತ್ರಿಕೆ ಹಾಕುವ ಹುಡುಗ, ಹೊಲಕ್ಕೆ ಹೋಗುವ ಮುದುಕ, ಗಾರೆ ಕೆಲಸದವನು, ಪಕ್ಕದ ಹಳ್ಳಿಯಿಂದ ಹೈಸ್ಕೂಲಿಗೆ ಬರುವ ಹುಡುಗಿ. ಕರ್ನಾಟಕ ಸರ್ಕಾರ 2006-07ರಲ್ಲಿ ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಆರಂಭಿಸಿತು. ಏಳನೆಯ ತರಗತಿಗೆ ಶಾಲೆ ಬಿಡುತ್ತಿದ್ದ ಎಷ್ಟೋ ಹೆಣ್ಣುಮಕ್ಕಳನ್ನು ಹೈಸ್ಕೂಲಿಗೆ ತಲುಪಿಸಿದ ಯೋಜನೆ ಅದು. ಕೋವಿಡ್ ಬಂದ 2020-21ರಲ್ಲಿ ವಿತರಣೆ ನಿಂತಿತು. ಆದರೂ ಅಕ್ಕ ತುಳಿದ ಸೈಕಲ್ಲನ್ನು ತಮ್ಮ ತುಳಿಯುತ್ತಾನೆ. ಸರ್ಕಾರ ಮಕ್ಕಳಿಗೆ ಸೈಕಲ್ ಕೊಟ್ಟಿತು. ಆ ಸೈಕಲ್ ಕ್ಷೇಮವಾಗಿ ಓಡುವ ರಸ್ತೆಯ ಅಂಚನ್ನು ಯಾರೂ ಕೊಡಲಿಲ್ಲ.

ಅಂಚು ಎಲ್ಲಿ ಹೋಯಿತು ಎಂದು ಕೇಳಬಹುದು. ಅಂಗಡಿಯ ಮುಂದೆ ನಿಂತ ಕಾರು, ಬ್ಯಾಂಕಿನ ಮುಂದೆ ನಿಂತ ಜೀಪು, ಪ್ರಯಾಣಿಕರಿಗಾಗಿ ಕಾಯುವ ಕ್ರೂಸರ್ ಮತ್ತು ಟಂಟಂ, ಸರಕು ಇಳಿಸುವ ಪಿಕಪ್ ವಾಹನಗಳು ಅದನ್ನು ಹಿಡಿದುಕೊಂಡಿವೆ. ಸೈಕಲ್ಲಿನವನು ಇವುಗಳಿಗೂ ವೇಗವಾಗಿ ಬರುವ ಬಸ್ಸು ಲಾರಿಗಳಿಗೂ ನಡುವೆ ಉಳಿದ ಒಂದು ಮೊಳ ಜಾಗದಲ್ಲಿ ಹೋಗಬೇಕು. ಆ ಜಾಗಕ್ಕೇ ಕಾರಿನ ಬಾಗಿಲು ತೆರೆದುಕೊಳ್ಳುತ್ತದೆ.

ಒಂದು ಸೆಕೆಂಡಿನ ಲೆಕ್ಕ

ಸೈಕಲ್ಲಿನವನು ಗಂಟೆಗೆ 15 ಕಿಲೋಮೀಟರ್ ವೇಗದಲ್ಲಿ ಹೋಗುತ್ತಿದ್ದಾನೆ ಎಂದುಕೊಳ್ಳೋಣ. ಇದು ಸಾಧಾರಣ ವೇಗ. ಅಂದರೆ ಒಂದು ಸೆಕೆಂಡಿಗೆ ಸುಮಾರು ನಾಲ್ಕು ಮೀಟರ್. ಎದುರಿಗೆ ಬಾಗಿಲು ತೆರೆದದ್ದನ್ನು ಕಣ್ಣು ನೋಡಿ, ಮನಸ್ಸು ತಿಳಿದು, ಕೈ ಬ್ರೇಕ್ ಹಿಡಿಯುವಷ್ಟರಲ್ಲಿ ಹೆಚ್ಚುಕಡಿಮೆ ಒಂದು ಸೆಕೆಂಡ್ ಕಳೆಯುತ್ತದೆ. ಅಷ್ಟರಲ್ಲಿ ಒಂದು ಕಾರಿನಷ್ಟು ದೂರ ಸಾಗಿರುತ್ತಾನೆ. ಸುರಪುರದಂಥ ಊರಿನ ಇಳಿಜಾರಿನಲ್ಲಿ ವೇಗ ಇನ್ನೂ ಹೆಚ್ಚು. ಹಳೆಯ ಸೈಕಲ್ಲಿನ ಬ್ರೇಕಿನ ಮೇಲೆ ಭರವಸೆ ಇಡುವಂತಿಲ್ಲ. ಗಂಟೆಗೆ 40 ಕಿಲೋಮೀಟರ್ ವೇಗದ ಬೈಕಿನವನು ಒಂದು ಸೆಕೆಂಡಿಗೆ 11 ಮೀಟರ್ ಸಾಗುತ್ತಾನೆ.

ಬಾಗಿಲು ಪೂರ್ತಿ ತೆರೆದರೆ ಸುಮಾರು ಒಂದು ಮೀಟರ್ ಹೊರಗೆ ಚಾಚುತ್ತದೆ. ಸವಾರ ಅದಕ್ಕೆ ನೇರವಾಗಿ ಬಡಿದರೆ ಎದೆಗೆ, ಮುಖಕ್ಕೆ, ಕೈಗೆ ಪೆಟ್ಟು. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಹ್ಯಾಂಡಲ್‌ನ ಎಡತುದಿ ಬಾಗಿಲಿನ ಅಂಚಿಗೆ ತಾಗಿದರೂ ಸಾಕು, ಸೈಕಲ್ ತಿರುಚಿ ಸವಾರ ಬಲಕ್ಕೆ, ಓಡುವ ವಾಹನಗಳ ದಾರಿಗೆ ಬೀಳುತ್ತಾನೆ. ಬಾಗಿಲನ್ನು ಕಂಡು ಹೆದರಿ ಬಲಕ್ಕೆ ಎಳೆದುಕೊಂಡರೂ ಅದೇ ಗತಿ. ಕೆ.ಆರ್.ಪುರಂನಲ್ಲಿ ಆದದ್ದು ಇದೇ. ಬಾಗಿಲು ಕೆಡವಿತು, ಬಸ್ಸು ಜೀವ ತೆಗೆಯಿತು.

ನಮ್ಮ ದೇಶದಲ್ಲಿ ಎಡಬದಿಯ ಸಂಚಾರ. ಎಡಕ್ಕೆ ನಿಲ್ಲಿಸಿದ ಕಾರಿನಲ್ಲಿ ಚಾಲಕನ ಬಾಗಿಲು ರಸ್ತೆಯ ಕಡೆಗೇ ತೆರೆಯುತ್ತದೆ. ಹಿಂದಿನ ಸೀಟಿನಲ್ಲಿ ಬಲಕ್ಕೆ ಕೂತವರ ಬಾಗಿಲೂ ಹಾಗೆಯೇ. ಎಡದ ಬಾಗಿಲು ಕ್ಷೇಮವೆಂದು ಅನೇಕರ ನಂಬಿಕೆ. ಅದೂ ಪೂರ್ತಿ ನಿಜವಲ್ಲ. ಜಾಗವಿಲ್ಲವೆಂದು ರಸ್ತೆಯ ನಡುವೆಯೇ ಕಾರು ನಿಲ್ಲಿಸಿ 'ಇಲ್ಲೇ ಇಳೀರಿ' ಎಂದಾಗ ಎಡದ ಬಾಗಿಲು ತೆರೆಯುತ್ತದೆ. ಕಾರಿಗೂ ಚರಂಡಿಗೂ ನಡುವಿನ ಸಂದಿಯಲ್ಲಿ ಅದೇ ಹೊತ್ತಿಗೆ ಸೈಕಲ್ಲಿನ ಹುಡುಗ ಬರುತ್ತಿರುತ್ತಾನೆ. 'ಎಡಕ್ಕೆ ಹೋಗು, ಅಂಚಿಗೆ ಹೋಗು' ಎಂದು ನಾವೇ ಅವನಿಗೆ ಹೇಳಿಕೊಟ್ಟಿದ್ದೇವೆ. ಹೇಳಿದ ಮಾತು ಕೇಳಿದವನೇ ಪೆಟ್ಟು ತಿನ್ನುತ್ತಾನೆ.

ಬೈಗುಳ ಯಾರಿಗೆ?

ಬಾಗಿಲಿಗೆ ಬಡಿದು ಸೈಕಲ್ಲಿನವನು ಬಿದ್ದಾಗ ಸಾಮಾನ್ಯವಾಗಿ ಏನಾಗುತ್ತದೆ ಎಂಬುದನ್ನು ನಾವೆಲ್ಲ ಒಂದಲ್ಲ ಒಂದು ಕಡೆ ಕಂಡಿದ್ದೇವೆ. ಕಾರಿನಿಂದ ಇಳಿದವರು ಮೊದಲು ನೋಡುವುದು ಬಾಗಿಲನ್ನು. ಬಣ್ಣ ಹೋಗಿದೆಯೇ, ತಗಡು ಬಾಗಿದೆಯೇ? ಆಮೇಲೆ ಬಿದ್ದವನ ಕಡೆ ತಿರುಗಿ, 'ಕಣ್ಣು ಕಾಣಂಗಿಲ್ಲೇನೋ? ನೋಡ್ಕೊಂಡು ಹೊಡಿಬಾರ್ದಾ?' ಎಂಬ ಗದರಿಕೆ. ಬಿದ್ದವನು ಬಡವನಾದರೆ ಮೊಣಕಾಲಿನ ರಕ್ತ ಒರೆಸಿಕೊಂಡು 'ತಪ್ಪಾತ್ರೀ ಸಾಹೇಬ್ರ' ಎನ್ನುತ್ತಾನೆ. ಭಾಷೆ ಮಂಗಳೂರಿನದಾದರೆ ಮಾತು ಬೇರೆ, ಸಂಗತಿ ಅದೇ.

ಇಲ್ಲಿ ತಪ್ಪು ಯಾರದು ಎಂದು ಸಾವಧಾನವಾಗಿ ಯೋಚಿಸಬೇಕು. ಕಾರು ನಿಂತಿದೆ. ಒಳಗಿರುವವರಿಗೆ ಹಿಂದೆ ನೋಡಲು ಕನ್ನಡಿ ಇದೆ, ಸಮಯ ಇದೆ, ಕಾಯುವ ಅವಕಾಶ ಇದೆ. ಎರಡು ಸೆಕೆಂಡ್ ತಡಮಾಡಿ ಬಾಗಿಲು ತೆರೆದರೆ ಅವರಿಗೆ ಆಗುವ ನಷ್ಟ ಏನೂ ಇಲ್ಲ. ಸೈಕಲ್ಲಿನವನಿಗೆ ಇವು ಯಾವುವೂ ಇಲ್ಲ. ಮುಚ್ಚಿದ ಗಾಜಿನ ಒಳಗೆ ಯಾರಿದ್ದಾರೆ, ಅವರ ಕೈ ಈಗ ಬಾಗಿಲ ಹಿಡಿಯ ಮೇಲಿದೆಯೇ ಎಂದು ಅವನು ಹೇಗೆ ತಿಳಿಯಬೇಕು? ತಡೆಯುವ ಶಕ್ತಿ ಯಾರಿಗಿದೆಯೋ ಹೊಣೆಯೂ ಅವರದೇ. ನಾವು ಮಾತ್ರ ಹೊಣೆಯನ್ನು ತಿರುಗಿಸಿ, ತಡೆಯಲಾರದವನ ಹೆಗಲಿಗೆ ಹಾಕಿದ್ದೇವೆ.

ಕಾನೂನು ಏನು ಹೇಳುತ್ತದೆ?

ಜಗತ್ತಿನ ಅನೇಕ ದೇಶಗಳು ಒಪ್ಪಿಕೊಂಡಿರುವ 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ 24ನೆಯ ವಿಧಿ ಈ ವಿಷಯಕ್ಕೇ ಮೀಸಲು. ಇತರ ರಸ್ತೆ ಬಳಕೆದಾರರಿಗೆ ಅಪಾಯವಿಲ್ಲವೆಂದು ಖಚಿತಪಡಿಸಿಕೊಳ್ಳದೆ ವಾಹನದ ಬಾಗಿಲು ತೆರೆಯುವುದನ್ನೂ, ತೆರೆದು ಬಿಡುವುದನ್ನೂ, ವಾಹನದಿಂದ ಇಳಿಯುವುದನ್ನೂ ಅದು ನಿಷೇಧಿಸುತ್ತದೆ. ಬ್ರಿಟನ್ನಿನಲ್ಲಿ 1986ರ ನಿಯಮದಂತೆ ಯಾರಿಗಾದರೂ ಗಾಯ ಅಥವಾ ಅಪಾಯವಾಗುವಂತೆ ಬಾಗಿಲು ತೆರೆಯುವುದು ಅಪರಾಧ. ಒಂದು ಸಾವಿರ ಪೌಂಡಿನವರೆಗೆ ದಂಡ ಬೀಳಬಹುದು.

ನಮ್ಮ 1988ರ ಮೋಟಾರು ವಾಹನ ಕಾಯ್ದೆಯಲ್ಲಿ ಬಾಗಿಲಿಗೆಂದೇ ಪ್ರತ್ಯೇಕ ಸೆಕ್ಷನ್ ಇಲ್ಲ. ಹಾಗೆಂದು ಇದು ಅಪರಾಧವೇ ಅಲ್ಲವೆಂದು ತಿಳಿಯಬಾರದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 125ನೆಯ ಸೆಕ್ಷನ್ ಇತರರ ಜೀವಕ್ಕೆ ಅಪಾಯವಾಗುವ ನಿರ್ಲಕ್ಷ್ಯದ ಕೃತ್ಯಕ್ಕೆ ಸಂಬಂಧಿಸಿದ್ದು. ಅದರಿಂದ ತೀವ್ರ ಗಾಯವಾದರೆ ಮೂರು ವರ್ಷದವರೆಗೆ ಸೆರೆ ಅಥವಾ ಹತ್ತು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾವು ಸಂಭವಿಸಿದರೆ 106ನೆಯ ಸೆಕ್ಷನ್ನಿನಂತೆ ಐದು ವರ್ಷದವರೆಗೆ ಸೆರೆ ಮತ್ತು ದಂಡ. ಈ ಸೆಕ್ಷನ್ನುಗಳು ವಾಹನ ಓಡಿಸುವವನಿಗೆ ಮಾತ್ರ ಅನ್ವಯಿಸುವಂಥವಲ್ಲ. ನಿರ್ಲಕ್ಷ್ಯ ಮಾಡಿದವನು ಹಿಂದಿನ ಸೀಟಿನ ಪ್ರಯಾಣಿಕನಾದರೂ ಅವನ ಮೇಲೆ ಪ್ರಕರಣ ಹೂಡಬಹುದು.

ಆದರೆ ಕಾನೂನಿಗೆ ಇಲ್ಲಿ ಒಂದು ಮಿತಿ ಇದೆ. ಚಾಲಕನಿಗೆ ಲೈಸೆನ್ಸ್ ಕೊಡುವ ಮುನ್ನ ಪರೀಕ್ಷೆ ಉಂಟು. ಪ್ರಯಾಣಿಕನಿಗೆ ಯಾವ ಪರೀಕ್ಷೆ? ಮಗುವಾಗಲಿ, ಅಜ್ಜಿಯಾಗಲಿ, ಮದುವೆಗೆ ಬಂದ ನೆಂಟರಾಗಲಿ, ಯಾರು ಬೇಕಾದರೂ ಬಾಗಿಲು ತೆರೆಯಬಹುದು. ಅಪಘಾತ ಆದಮೇಲೆ ಕಾನೂನು ಬರುತ್ತದೆ. ಆಗುವ ಮುನ್ನ ಇರಬೇಕಾದದ್ದು ಅಭ್ಯಾಸ.

ನಿಂತ ವಾಹನಕ್ಕೂ ಹೊಣೆ ಉಂಟು

ಬಡ ಕುಟುಂಬಗಳಿಗೆ ತಿಳಿದಿರಲೇಬೇಕಾದ ಒಂದು ಮಾತು ಪರಿಹಾರಕ್ಕೆ ಸಂಬಂಧಿಸಿದ್ದು. 'ಗಾಡಿ ನಿಂತಿತ್ತು, ಓಡುತ್ತಿರಲಿಲ್ಲ, ಆದ್ದರಿಂದ ಇದು ವಾಹನ ಅಪಘಾತವೇ ಅಲ್ಲ' ಎಂದು ಕೆಲವರು ವಾದಿಸುತ್ತಾರೆ. ಈ ವಾದಕ್ಕೆ ಸುಪ್ರೀಂ ಕೋರ್ಟ್ 1991ರಲ್ಲೇ ಉತ್ತರ ಕೊಟ್ಟಿದೆ. 1987ರಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಪೆಟ್ರೋಲ್ ಟ್ಯಾಂಕರೊಂದು ಲಾರಿಗೆ ಡಿಕ್ಕಿಯಾಗಿ ರಸ್ತೆ ಬದಿಗೆ ಉರುಳಿತು. ಕೆಲವು ಗಂಟೆಗಳ ನಂತರ ಅದು ಸ್ಫೋಟಿಸಿ ಸುತ್ತ ಸೇರಿದ್ದ ಅನೇಕರು ಸತ್ತರು. ಉರುಳಿ ಬಿದ್ದಿದ್ದ ಟ್ಯಾಂಕರ್ 'ಬಳಕೆಯಲ್ಲಿ' ಇರಲಿಲ್ಲ ಎಂಬ ವಾದ ಬಂದಾಗ, ವಾಹನದ ಬಳಕೆ ಎಂದರೆ ಓಡುತ್ತಿರುವುದಷ್ಟೇ ಅಲ್ಲ, ನಿಂತಿರುವುದೂ ಸೇರುತ್ತದೆ ಎಂದು ನ್ಯಾಯಾಲಯ ಹೇಳಿತು. ಶಿವಾಜಿ ದಯಾನು ಪಾಟೀಲ್ ಪ್ರಕರಣ ಎಂದು ಅದು ಪ್ರಸಿದ್ಧ.

ಆದ್ದರಿಂದ ನಿಂತ ಕಾರಿನ ಬಾಗಿಲಿನಿಂದ ಗಾಯಗೊಂಡ ಸೈಕಲ್ ಸವಾರನೂ ಮೋಟಾರು ವಾಹನ ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಬಹುದು. ಅಪಘಾತ ಆದ ಊರಿಗೇ ಹೋಗಬೇಕೆಂದಿಲ್ಲ. ತಾನು ವಾಸಿಸುವ ಪ್ರದೇಶದ ನ್ಯಾಯಮಂಡಳಿಗೂ ಹೋಗಬಹುದು. ಮಂಗಳೂರಿನಲ್ಲಿ ಗಾಯಗೊಂಡು ಊರಿಗೆ ಮರಳಿದ ಕೂಲಿಗಾರನಿಗೆ ಇದು ದೊಡ್ಡ ಅನುಕೂಲ. 2019ರ ತಿದ್ದುಪಡಿ ಅರ್ಜಿಗೆ ಆರು ತಿಂಗಳ ಗಡುವು ಹಾಕಿದೆ. ಈ ಗಡುವಿನ ಬಗ್ಗೆ ನ್ಯಾಯಾಲಯಗಳಲ್ಲಿ ವಾದ ನಡೆದಿದೆ. ಏನೇ ಆದರೂ ಗಡುವಿನೊಳಗೆ ಹಾಕುವುದೇ ಕ್ಷೇಮ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಹಿಂಜರಿಯುವವರು ಬಹಳ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಕಾರ್ಮಿಕರಿಗೆ ಉಚಿತ ಕಾನೂನು ನೆರವು ದೊರೆಯುತ್ತದೆ. ಪರಿಶಿಷ್ಟ ಪಂಗಡದವರು ದೊಡ್ಡ ಸಂಖ್ಯೆಯಲ್ಲಿರುವ ಸುರಪುರದಂಥ ತಾಲ್ಲೂಕಿನಲ್ಲಿ ಸೈಕಲ್ ತುಳಿಯುವ ಬಹುಪಾಲು ಮಂದಿ ಈ ಪಟ್ಟಿಯೊಳಗೇ ಬರುತ್ತಾರೆ. ಕೇಳಬೇಕಾದದ್ದು ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ, ದೂರವಾಣಿಯಲ್ಲಾದರೆ 15100.

ಅಪಘಾತವಾದಾಗ ಹೇಗೆ ನಡೆದುಕೊಳ್ಳಬೇಕು?

ಮೊದಲನೆಯದು ಜೀವ. 112ಕ್ಕೆ ಕರೆ ಮಾಡಬೇಕು. ಮೋಟಾರು ವಾಹನ ಕಾಯ್ದೆಯ 134ನೆಯ ಸೆಕ್ಷನ್ನಿನಂತೆ ಗಾಯಗೊಂಡವರಿಗೆ ಚಿಕಿತ್ಸೆ ದೊರಕಿಸುವುದು ವಾಹನದ ಚಾಲಕನ ಕರ್ತವ್ಯ. ದಾರಿಹೋಕರು ಆಸ್ಪತ್ರೆಗೆ ಸೇರಿಸಿದರೆ ಪೊಲೀಸ್, ಕೋರ್ಟು ಎಂದು ಅಲೆಯಬೇಕಾದೀತೆಂಬ ಹೆದರಿಕೆ ಇನ್ನೂ ಉಳಿದಿದೆ. 134ಎ ಸೆಕ್ಷನ್ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ಅದಕ್ಕೂ ಮುನ್ನವೇ ಕರ್ನಾಟಕ ಇದಕ್ಕಾಗಿ ತನ್ನದೇ ಕಾಯ್ದೆ ಮಾಡಿತ್ತು. ಹೆಸರು ಹೇಳಲು ಇಷ್ಟವಿಲ್ಲದಿದ್ದರೆ ಹೇಳಬೇಕಾಗಿಲ್ಲ. 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ನಗದುರಹಿತ ಚಿಕಿತ್ಸಾ ಯೋಜನೆಯಂತೆ, ಮೋಟಾರು ವಾಹನದಿಂದ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ತನಕದ ಚಿಕಿತ್ಸೆಗೆ ಅವಕಾಶವಿದೆ.

ಎರಡನೆಯದು ಸಾಕ್ಷಿ. ವಾಹನದ ನಂಬರ್ ಬರೆದುಕೊಳ್ಳಿ. ಬಾಗಿಲು ತೆರೆದಿರುವಂತೆಯೇ, ಸೈಕಲ್ ಬಿದ್ದಲ್ಲೇ ಇರುವಂತೆ ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ಕಂಡವರ ಹೆಸರು ಕೇಳಿಟ್ಟುಕೊಳ್ಳಿ. ಆಸ್ಪತ್ರೆಯಲ್ಲಿ 'ಸೈಕಲ್ಲಿನಿಂದ ಬಿದ್ದೆ' ಎಂದು ಬರೆಸಬೇಡಿ. 'ಕಾರಿನ ಬಾಗಿಲಿಗೆ ಬಡಿದು ಬಿದ್ದೆ' ಎಂದು ನಡೆದದ್ದನ್ನು ನಡೆದಂತೆ ಬರೆಸಿ. ಆ ಒಂದು ಸಾಲಿನ ಮೇಲೆ ಮುಂದಿನ ಪರಿಹಾರವೆಲ್ಲ ನಿಂತಿರುತ್ತದೆ. ಬಾಗಿಲು ತೆರೆದವರು ಪ್ರಯಾಣಿಕರೇ, ಚಾಲಕರೇ ಎಂಬುದನ್ನೂ ಹೇಳಿ. ವಿಮಾ ಕಂಪನಿ ಈ ಪ್ರಶ್ನೆ ಎತ್ತಬಹುದು.

ಮೂರನೆಯದು ರಾಜಿ. ರಸ್ತೆಯ ಮೇಲೆಯೇ ಐನೂರೋ ಸಾವಿರವೋ ಕೈಗಿಟ್ಟು 'ಇಲ್ಲಿಗೇ ಮುಗಿಸೋಣ' ಎನ್ನುವುದು ನಮ್ಮ ಊರುಗಳ ಪದ್ಧತಿ. ತರಚಿದ ಗಾಯಕ್ಕೆ ಅದು ಸರಿಯಿರಬಹುದು. ಆದರೆ ತಲೆಗೆ ಬಿದ್ದ ಪೆಟ್ಟು, ಹೊಟ್ಟೆಯೊಳಗಿನ ಗಾಯ ಆ ಕ್ಷಣಕ್ಕೆ ಕಾಣುವುದಿಲ್ಲ. ರಾತ್ರಿ ವಾಂತಿ ಶುರುವಾದಾಗ ಕಾರಿನವರು ಎಲ್ಲಿರುತ್ತಾರೋ! ವೈದ್ಯರು ನೋಡುವ ತನಕ ಯಾವ ಕಾಗದಕ್ಕೂ ಸಹಿ ಮಾಡಬಾರದು.

ನಾಲ್ಕನೆಯದು ಸಂಯಮ. ಚಾಲಕನನ್ನು ಎಳೆದು ಹೊಡೆಯುವುದು, ಗಾಜು ಒಡೆಯುವುದು ನ್ಯಾಯವಲ್ಲ. ಹೊಡೆತಕ್ಕೆ ಹೆದರಿದ ಚಾಲಕ ಗಾಯಾಳುವನ್ನು ಬಿಟ್ಟು ಓಡುತ್ತಾನೆ. ಆಗ ಆಸ್ಪತ್ರೆಗೆ ಒಯ್ಯಬಹುದಾಗಿದ್ದ ವಾಹನವೂ ಹೋಗುತ್ತದೆ. ಹಾಗೆಂದು ತಲೆ ತಗ್ಗಿಸಿ ತಪ್ಪೊಪ್ಪಿಕೊಂಡು ಹೋಗುವುದೂ ಬೇಡ. ಪೆಟ್ಟಾಗದೆ ಕೂದಲೆಳೆಯಲ್ಲಿ ಪಾರಾದಾಗಲೂ ನಿಂತು, 'ಅಣ್ಣಾ, ಹಿಂದೆ ನೋಡಿ ಬಾಗಿಲು ತೆಗೀರಿ, ಈಗ ಒಂದು ಜೀವ ಹೋಗ್ತಿತ್ತು' ಎಂದು ಶಾಂತವಾಗಿ ಹೇಳಬೇಕು. ಬೈದರೆ ಅವನು ತಿರುಗಿ ಬೈಯುತ್ತಾನೆ, ಮಾತು ಅಲ್ಲಿಗೇ ಮುಗಿಯುತ್ತದೆ. ಹೀಗೆ ಹೇಳಿದ ಮಾತು ಮನೆಯ ತನಕ ಅವನ ಜೊತೆ ಹೋಗುತ್ತದೆ.

ಎಡಗೈಯ ಪಾಠ

ಇನ್ನು ಅಭ್ಯಾಸದ ಮಾತು. ಸೈಕಲ್ಲಿಗೆ ಹೆಸರಾದ ನೆದರ್ಲೆಂಡ್ಸ್ ದೇಶದಲ್ಲಿ ಕಾರಿನ ಬಾಗಿಲನ್ನು ಅದರ ಹತ್ತಿರದ ಕೈಯಿಂದ ತೆರೆಯದೆ, ದೂರದ ಕೈಯಿಂದ ತೆರೆಯುವ ರೂಢಿ ಇದೆ. 2016ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್‌ನ ವೈದ್ಯ ಮೈಕೇಲ್ ಚಾರ್ನಿ ಇದಕ್ಕೆ 'ಡಚ್ ರೀಚ್' ಎಂದು ಹೆಸರಿಟ್ಟು ಪ್ರಚಾರ ಮಾಡಿದರು. ಅವರ ಊರು ಕೇಂಬ್ರಿಜ್‌ನಲ್ಲಿ ಅದೇ ವರ್ಷ ಯುವತಿಯೊಬ್ಬಳು ಕಾರಿನ ಬಾಗಿಲಿಗೆ ಬಡಿದು ಸೈಕಲ್ಲಿನಿಂದ ಬಿದ್ದು ಸತ್ತದ್ದು ಇದಕ್ಕೆ ಪ್ರೇರಣೆ. 2022ರ ಜನವರಿ 29ರಿಂದ ಬ್ರಿಟನ್ನಿನ ಹೈವೇ ಕೋಡ್ ಈ ಪದ್ಧತಿಯನ್ನು ತನ್ನ ಸೂಚನೆಗಳಲ್ಲಿ ಸೇರಿಸಿಕೊಂಡಿದೆ. ನಿಂತ ವಾಹನಗಳ ಪಕ್ಕದಲ್ಲಿ ಹಾಯುವಾಗ ಬಾಗಿಲಿನಷ್ಟು ಅಥವಾ ಒಂದು ಮೀಟರ್ ಅಂತರ ಬಿಡಬೇಕೆಂದು ಸೈಕಲ್ ಸವಾರರಿಗೂ ಅದು ಹೇಳುತ್ತದೆ.

ನಮ್ಮಲ್ಲಿ ಇದನ್ನು ಮಾಡುವ ಬಗೆ ಸುಲಭ. ಬಲಬದಿಯಲ್ಲಿ ಕೂತ ಚಾಲಕ ಬಲಗೈಯ ಬದಲು ಎಡಗೈಯಿಂದ ಬಾಗಿಲು ತೆರೆಯಬೇಕು. ಎಡಗೈ ಚಾಚಿದಾಗ ದೇಹ ತಾನಾಗಿ ಬಲಕ್ಕೆ ತಿರುಗುತ್ತದೆ. ಕಣ್ಣು ಮೊದಲು ಕನ್ನಡಿಗೆ, ನಂತರ ಹೆಗಲ ಮೇಲಿನಿಂದ ಹಿಂದಿನ ರಸ್ತೆಗೆ ಹೋಗುತ್ತದೆ. ಎಡಬದಿಯಲ್ಲಿ ಕೂತವರು ಬಲಗೈಯಿಂದ ತೆರೆದರೆ ಅದೇ ಫಲ. ಮೊದಲು ಬಾಗಿಲನ್ನು ನಾಲ್ಕು ಬೆರಳಿನಷ್ಟು ತೆರೆದು, ಮತ್ತೊಮ್ಮೆ ನೋಡಿ, ಪೂರ್ತಿ ತೆರೆಯುವುದು ಇನ್ನೂ ಒಳ್ಳೆಯದು. ಖರ್ಚು ಒಂದು ಪೈಸೆಯೂ ಇಲ್ಲ.

ಹಿಂದಿನಿಂದ ವಾಹನ ಬರುವುದನ್ನು ಕಂಡು ಎಚ್ಚರಿಸುವ ಉಪಕರಣ ಕೆಲವು ದುಬಾರಿ ಕಾರುಗಳಲ್ಲಿ ಬಂದಿದೆ. ಸುರಪುರದ ಕ್ರೂಸರ್ ವಾಹನಕ್ಕೆ ಅದು ಬರುವ ತನಕ ಕಾಯಬೇಕಾಗಿಲ್ಲ. ಬಹುತೇಕ ಕಾರುಗಳ ಹಿಂದಿನ ಬಾಗಿಲಿಗೆ ಮಕ್ಕಳ ಲಾಕ್ ಇದ್ದೇ ಇದೆ. ಮಕ್ಕಳು ಕೂತಾಗ ಬಲಬದಿಯದನ್ನು ಹಾಕಿದರೆ ಅವರು ರಸ್ತೆಯ ಕಡೆ ಇಳಿಯಲಾರರು.

ಈ ಅಭ್ಯಾಸದಲ್ಲಿ ಮುಖ್ಯ ಪಾತ್ರ ಚಾಲಕನದು. 'ತಡೀರಿ, ನಾನು ಹೇಳಿದ ಮೇಲೆ ಇಳೀರಿ' ಎಂಬ ಒಂದು ಮಾತು ಅವನ ಬಾಯಲ್ಲಿ ಬಂದರೆ, ಲೈಸೆನ್ಸ್ ಇಲ್ಲದ ಪ್ರಯಾಣಿಕನಿಗೂ ಪಾಠವಾಗುತ್ತದೆ. ಬಸ್ಸಿನ ನಿರ್ವಾಹಕ 'ನಿಂತ ಮೇಲೆ ಇಳೀರಿ' ಎಂದು ಹೇಳಿ ಹೇಳಿ ನಮಗೆ ಅಭ್ಯಾಸ ಮಾಡಿಸಲಿಲ್ಲವೇ?

ಊರು ಮಾಡಬೇಕಾದದ್ದು, ನಾವು ಮಾಡಬಹುದಾದದ್ದು

ಪೊಲೀಸರು ಮತ್ತು ಸ್ಥಳೀಯ ಸಂಸ್ಥೆಗಳು ಮಾಡಬೇಕಾದ ಕೆಲಸಗಳು ಕೆಲವಿವೆ. ಶಾಲೆ ಬಿಡುವ ಹೊತ್ತಿನಲ್ಲಿ ಶಾಲೆಯ ಮುಂದಿನ ರಸ್ತೆಯಲ್ಲಿ ವಾಹನ ನಿಲ್ಲಿಸದಂತೆ ನೋಡಿಕೊಳ್ಳುವುದು ಒಂದು. ಕ್ರೂಸರ್, ಟಂಟಂಗಳಿಗೆ ರಸ್ತೆಯಿಂದ ಆಚೆ ನಿಲ್ದಾಣ ಕೊಡುವುದು ಎರಡು. ಆ ಚಾಲಕರು ನಾಲ್ಕು ಕಾಸಿಗಾಗಿ ದುಡಿಯುವವರು; ನಿಲ್ಲಲು ಜಾಗ ಕೊಡದೆ ದಂಡ ಮಾತ್ರ ಹಾಕಿದರೆ ಅವರು ರಸ್ತೆಯ ನಡುವೆಯೇ ಜನರನ್ನು ಇಳಿಸುತ್ತಾರೆ. ಮೂರನೆಯದು, ಅಪಘಾತದ ವರದಿಯಲ್ಲಿ 'ಬಾಗಿಲು ತೆರೆದದ್ದು' ಎಂಬ ಕಾರಣವನ್ನು ಸ್ಪಷ್ಟವಾಗಿ ಬರೆಯುವುದು. ಬರೆದರೆ ಲೆಕ್ಕ ಸಿಗುತ್ತದೆ, ಲೆಕ್ಕ ಸಿಕ್ಕರೆ ನಿಯಮ ಕೇಳಬಹುದು.

ಇನ್ನು ನಮ್ಮ ಅಂಗಳದ ವಿಷಯ. ಭಾನುವಾರ ಬೆಳಿಗ್ಗೆ ನಮ್ಮ ಧರ್ಮಕೇಂದ್ರಗಳ ಮುಂದಿನ ರಸ್ತೆಯನ್ನು ಒಮ್ಮೆ ನೋಡೋಣ. ಪೂಜೆಯ ಗಂಟೆ ಬಾರಿಸಿರುತ್ತದೆ, ತಡವಾಗಿರುತ್ತದೆ, ಕಾರು ರಸ್ತೆ ಬದಿಯಲ್ಲೇ ನಿಲ್ಲುತ್ತದೆ, ನಾಲ್ಕೂ ಬಾಗಿಲು ಒಟ್ಟಿಗೆ ತೆರೆದುಕೊಳ್ಳುತ್ತವೆ. ಅದೇ ರಸ್ತೆಯಲ್ಲಿ ಮೀನಿನ ಪೆಟ್ಟಿಗೆ ಕಟ್ಟಿಕೊಂಡವನು, ಕಟ್ಟಡದ ಕೆಲಸಕ್ಕೆ ಹೋಗುವ ಘಟ್ಟದ ಮೇಲಿನ ಕೂಲಿಗಾರ ಸೈಕಲ್ ತುಳಿಯುತ್ತಾ ಹೋಗುತ್ತಿರುತ್ತಾರೆ. ಆ ಕೂಲಿಗಾರ ಸುರಪುರದವನೇ ಇರಬಹುದು. ಅವನ ಕೈ ಮುರಿದರೆ ಅವನಿಗೆ ಇಲ್ಲಿ ಕೂಲಿ ಇಲ್ಲ, ಅಲ್ಲಿ ಮನೆಗೆ ಹಣ ಇಲ್ಲ.

ಆದ್ದರಿಂದ ಧರ್ಮಕೇಂದ್ರದ ಪಾಲನಾ ಮಂಡಳಿಗಳೂ ನಮ್ಮ ಶಾಲೆಗಳೂ ಕೆಲವು ಸಣ್ಣ ಕೆಲಸಗಳನ್ನು ಕೈಗೊಳ್ಳಬಹುದು. ಭಾನುವಾರ ರಸ್ತೆ ಬದಿಯಲ್ಲಿ ಒಬ್ಬಿಬ್ಬರು ಯುವಕರನ್ನು ನಿಲ್ಲಿಸಿ ವಾಹನಗಳನ್ನು ಆವರಣದೊಳಗೆ ಕಳಿಸಬಹುದು. ಶಾಲಾ ವಾಹನದ ಚಾಲಕರಿಗೂ ಮಕ್ಕಳನ್ನು ಕಾರಿನಲ್ಲಿ ಬಿಡುವ ಪಾಲಕರಿಗೂ ವರ್ಷಕ್ಕೊಮ್ಮೆಯಾದರೂ ಈ ಮಾತು ಹೇಳಬಹುದು. ಮಕ್ಕಳಿಗೆ ದೂರದ ಕೈಯಿಂದ ಬಾಗಿಲು ತೆರೆಯುವುದನ್ನು ನಿಜವಾದ ಕಾರಿನಲ್ಲೇ ಕೂರಿಸಿ ಕಲಿಸಬಹುದು. ಮಕ್ಕಳು ಕಲಿತರೆ ಅಪ್ಪನಿಗೂ ಅಜ್ಜನಿಗೂ ಅವರೇ ಹೇಳಿಕೊಡುತ್ತಾರೆ.

ಸೈಕಲ್ ಸವಾರರಿಗೂ ಒಂದು ಮಾತು ಹೇಳಬೇಕು, ಆದರೆ ಅದು ಅವರ ಮೇಲೆ ಹೊಣೆ ಹೊರಿಸಲಿಕ್ಕಲ್ಲ. ನಿಂತ ವಾಹನದಿಂದ ಸಾಧ್ಯವಾದಷ್ಟು ದೂರ ಹೋಗಿ. ಈಗ ತಾನೇ ನಿಂತ ಕಾರು, ಒಳಗೆ ತಲೆ ಕಾಣುವ ಕಾರು, ದೀಪ ಇನ್ನೂ ಉರಿಯುತ್ತಿರುವ ಕಾರು ಕಂಡರೆ ನಿಧಾನಿಸಿ, ಬೆಲ್ ಬಾರಿಸಿ. ಇಳಿಜಾರಿನಲ್ಲಿ ಬ್ರೇಕಿನ ಮೇಲೆ ಬೆರಳಿರಲಿ. ಜಾಗ ಇಲ್ಲದ ಕಡೆ ಇಳಿದು ತಳ್ಳಿಕೊಂಡು ಹೋಗುವುದರಲ್ಲಿ ಅವಮಾನವಿಲ್ಲ.

ಕೆ.ಆರ್.ಪುರಂನಲ್ಲಿ ಸತ್ತವರ ಮನೆಯವರಿಗೆ ಚುನಾವಣ��ಯ ಫಲಿತಾಂಶ ಏನು ಬಂದರೂ ಹೋದವರು ತಿರುಗಿ ಬರಲಿಲ್ಲ. ಅಂದು ಬಾಗಿಲು ಎರಡು ಸೆಕೆಂಡ್ ತಡವಾಗಿ ತೆರೆದಿದ್ದರೆ ಅವರು ಅದರ ಪಕ್ಕದಲ್ಲೇ ಹಾದು ಮನೆಗೆ ಹೋಗುತ್ತಿದ್ದರು. ಅಂಥ ಎರಡು ಸೆಕೆಂಡ್ ನಮ್ಮೆಲ್ಲರ ಕೈಯಲ್ಲೂ ದಿನಕ್ಕೆ ಹಲವು ಬಾರಿ ಇರುತ್ತದೆ. ಮುಂದಿನ ಬಾರಿ ಕಾರು ನಿಂತಾಗ ಕೈ ಬಾಗಿಲ ಹಿಡಿಗೆ ಹೋಗುವ ಮುನ್ನ ಹಿಂದೆ ಯಾರು ಬರುತ್ತಿದ್ದಾರೆಂದು ನೋಡೋಣ. ಯಾರೋ ಒಬ್ಬರು ಮನೆಗೆ ಹೋಗುತ್ತಿರಬಹುದು.